ನಮ್ಮ ಹುಡುಗನ ಮೇಲೆ ನಂಬಿಕೆ ಇಲ್ವಾ?

ಆಫೀಸಿನ ಡೇಟಾಬೇಸ್ ನೋಡಿಕೊಳ್ಳೋದು ನನ್ನ ಕೆಲಸ. ಮಂಗಳವಾರ ಮ್ಯಾನೇಜರ್ ನನ್ನ ಸೀಟಿಗೇ ಬಂದರು. ಸಿಸ್ಟಮ್‌ನಲ್ಲಿ ಕೋರಿಕೆಯ ಟಿಕೆಟ್ ಹಾಕಿದ್ದು ಸಾಲದು ಅನ್ನಿಸಿರಬೇಕು. ಹೊಸದಾಗಿ ಸೇರಿದ ಹುಡುಗನಿಗೆ ನೌಕರರ ವಿವರ ಇರುವ ಎಂಪ್ಲಾಯಿ ಟೇಬಲ್ ಮೇಲೆ ಗ್ರಾಂಟ್ ಆಲ್, ಅಂದರೆ ಎಲ್ಲಾ ಪರ್ಮಿಷನ್ನೂ ಬೇಕಂತೆ. ಕೆಲಸ ಏನು ಸಾರ್ ಅಂದೆ. ಹಾಜರಾತಿ ರಿಪೋರ್ಟ್. ಅದಕ್ಕೆ ಸೆಲೆಕ್ಟ್, ಅಂದರೆ ಬರೀ ಓದೋ ಪರ್ಮಿಷನ್ ಸಾಕಲ್ವಾ, ಅದೂ ಐಡಿ, ಹೆಸರು, ವಿಭಾಗ ಮಾತ್ರ ಅಂದೆ.

"ಯಾಕ್ರೀ, ನಮ್ಮ ಹುಡುಗನ ಮೇಲೆ ನಂಬಿಕೆ ಇಲ್ವಾ ನಿಮಗೆ?"

ಮನುಷ್ಯ ಕೆಟ್ಟವರಲ್ಲ. ಟೀಮಿನವರಿಗೆ ರಜೆ ಬೇಕೆಂದರೆ ಇವರಷ್ಟು ಬೇಗ ಹೂಂ ಅನ್ನುವವರಿಲ್ಲ. ಆದರೆ ಪರ್ಮಿಷನ್ನೂ ಅವರಿಗೆ ಮರ್ಯಾದೆಯ ವಿಷಯ. ಆಲ್ ಅಂದರೆ ಓದೋದಷ್ಟೇ ಅಲ್ಲ. ತಿದ್ದಬಹುದು, ಅಳಿಸಬಹುದು, ಟ್ರಂಕೇಟ್ ಅಂತ ಒಂದು ಸಾಲು ಹೊಡೆದರೆ ಟೇಬಲ್ಲೇ ಖಾಲಿ. ಕೈತಪ್ಪಿ ಆಗುವ ಅನಾಹುತಕ್ಕೂ ನಂಬಿಕೆಗೂ ಏನು ಸಂಬಂಧ?

"ಸರಿ, ಪೂರ್ತಿ ಓದೋಕೆ ಕೊಡಿ. ಸಂಬಳದ ಕಾಲಂ ಮಾತ್ರ ಆಮೇಲೆ ರಿವೋಕ್ ಮಾಡಿ, ವಾಪಸ್ ತಗೊಳ್ಳಿ" ಅಂದರು. ನಮ್ಮ ಡೇಟಾಬೇಸ್ ಸಾಫ್ಟ್‌ವೇರ್ ಪೋಸ್ಟ್‌ಗ್ರೆಸ್‌ನಲ್ಲಿ ಅದು ನಡೆಯಲ್ಲ. ಟೆಸ್ಟ್ ಡೇಟಾಬೇಸ್‌ನಲ್ಲಿ ಅವರೆದುರೇ ಮಾಡಿ ತೋರಿಸಿದೆ. ರಿವೋಕ್ ಆಯ್ತು ಅಂತ ಉತ್ತರ ಬಂತು, ಎರರ್ ಏನೂ ಇಲ್ಲ, ಸಂಬಳ ಮಾತ್ರ ಕಾಣಿಸ್ತಾನೇ ಇತ್ತು. ಟೇಬಲ್ ಪೂರ್ತಿ ಕೊಟ್ಟ ಮೇಲೆ ಒಂದು ಕಾಲಂ ಕಿತ್ತುಕೊಳ್ಳೋಕೆ ಆಗಲ್ಲ. ಬೇಕಾದ ಕಾಲಂಗಳನ್ನೇ ಹೆಸರು ಹಿಡಿದು ಕೊಡಬೇಕು. ಹಾಗೇ ಕೊಟ್ಟೆ. ಹುಡುಗನ ರಿಪೋರ್ಟ್ ಅವತ್ತೇ ಸಂಜೆ ಬಂತು. ಅವನೇನೂ ತಕರಾರು ಮಾಡಲಿಲ್ಲ.

ನನಗೆ ಮಾತ್ರ ಆ ಮಾತು ಕೊರೀತಾನೇ ಇತ್ತು. ನಂಬಿಕೆ ಇಲ್ವಾ? ನಂಬಿಕೆ ಇರೋದು ಮನುಷ್ಯನ ಮೇಲೆ, ಪರ್ಮಿಷನ್ ಕೊಡೋದು ಕೆಲಸಕ್ಕೆ. ಕೆಲಸ ಮುಗಿದರೂ ಅದು ಉಳಿದುಬಿಡುತ್ತೆ. ಇಷ್ಟು ವರ್ಷದ ಸರ್ವಿಸ್‌ನಲ್ಲಿ "ಇದು ನನಗಿನ್ನು ಬೇಡ, ತೆಗೆದುಬಿಡಿ" ಅಂತ ಬಂದವರನ್ನು ನಾನು ನೋಡಿಲ್ಲ. ಪ್ರಾಜೆಕ್ಟ್ ಮುಗಿದಿರುತ್ತೆ, ಟೀಮ್ ಬದಲಾಗಿರುತ್ತೆ, ಅವರ ಹೆಸರಿನ ಸೆಲೆಕ್ಟ್, ಅಪ್‌ಡೇಟ್ ಎಲ್ಲಾ ಹಾಗೇ ಇರುತ್ತೆ. ಹಳೇ ಬಾಡಿಗೆದಾರರ ಕೈಯಲ್ಲೇ ಉಳಿದ ಬೀಗದ ಕೈಗಳ ಹಾಗೆ.

ಬುಧವಾರ ಸುಮ್ನೆ ಆ ಟೇಬಲ್‌ನ ಪರ್ಮಿಷನ್ ಪಟ್ಟಿ ತೆಗೆದೆ. ಮ್ಯಾನೇಜರ್ ಹೆಸರಿನ ಮುಂದೆ ಆರ್ ಅಕ್ಷರ, ಅದರ ಪಕ್ಕ ಒಂದು ನಕ್ಷತ್ರ. ಅಂದರೆ ಅವರು ಓದಬಹುದಷ್ಟೇ ಅಲ್ಲ, ಬೇರೆಯವರಿಗೂ ಹಂಚಬಹುದು. ಧಾರಾಳವಾಗಿಯೇ ಹಂಚಿದ್ದರು. ಆ ನಕ್ಷತ್ರ ತೆಗೆಯೋಕೆ ಹೋದರೆ, ಇದನ್ನೇ ನಂಬಿಕೊಂಡ ಬೇರೆ ಪರ್ಮಿಷನ್‌ಗಳಿವೆ, ಕ್ಯಾಸ್ಕೇಡ್ ಹಾಕು ಅಂತ ಎರರ್. ಹಾಕಿದರೆ ಅವರು ಕೊಟ್ಟಿದ್ದೆಲ್ಲಾ ಒಟ್ಟಿಗೆ ಉರುಳುತ್ತೆ, ರಾತ್ರಿ ತಾನಾಗೇ ಓಡುವ ಯಾವ ಪ್ರೋಗ್ರಾಂ ನಿಲ್ಲುತ್ತೋ ಗೊತ್ತಿಲ್ಲ. ಇದೇನು ಹೊಸ ತಲೆನೋವಲ್ಲ. 1976ರಲ್ಲೇ ಐಬಿಎಂನ ಗ್ರಿಫಿತ್ಸ್ ಮತ್ತು ವೇಡ್, ಹೀಗೆ ಕೈಯಿಂದ ಕೈಗೆ ಹೋದ ಅಧಿಕಾರವನ್ನು ವಾಪಸ್ ತೆಗೆಯೋದು ಹೇಗೆ ಅಂತ ಒಂದು ಪ್ರಬಂಧವನ್ನೇ ಬರೆದಿದ್ದರು.

ಅವರು ಯಾರ್ಯಾರಿಗೆ ಕೊಟ್ಟಿದ್ದಾರೋ ಆ ಹೆಸರುಗಳನ್ನೆಲ್ಲಾ ಮೇಲ್ ಮಾಡಿ, ಯಾರಿಗೆ ಇನ್ನೂ ಬೇಕು ಹೇಳಿ ಸಾರ್ ಅಂದೆ. ಶುಕ್ರವಾರ ಉತ್ತರ ಬಂತು: "ಇದರಲ್ಲಿ ನಾಲ್ಕನೇ ಹೆಸರು ಯಾರದು?"