ಅಯೋಡಿನ್ ವಾರ್ಡಿನಿಂದ ಒಂದೇ ಶೌಚಾಲಯದ ಮನೆಗೆ

ಡಿಸ್ಚಾರ್ಜ್ ಆಗುವ ದಿನ ನನ್ನ ಕೈಗೆ ಕೊಟ್ಟ ಸೂಚನೆಗಳ ಹಾಳೆಯ ನಾಲ್ಕನೆಯ ಸಾಲಿನಲ್ಲಿ, ಒಂದು ವಾರ ಪ್ರತ್ಯೇಕ ಕೋಣೆಯಲ್ಲಿ ಮಲಗಬೇಕು, ಪ್ರತ್ಯೇಕ ಶೌಚಾಲಯ ಬಳಸಬೇಕು ಎಂದು ಬರೆದಿತ್ತು. ದಾವಣಗೆರೆಯ ನಮ್ಮ ಮನೆಯಲ್ಲಿರುವುದು ಒಂದು ಹಜಾರ, ಒಂದು ಮಲಗುವ ಕೋಣೆ, ಒಂದು ಅಡುಗೆಮನೆ ಮತ್ತು ಹಿತ್ತಲಿನಲ್ಲಿ ಒಂದೇ ಒಂದು ಶೌಚಾಲಯ. ಅತ್ತೆ, ಮಾವ, ಯಜಮಾನರು, ಮೈದುನ, ನಾಲ್ಕು ವರ್ಷದ ಮಗ ಮತ್ತು ನಾನು ಸೇರಿ ಆರು ಜನ ಅದರಲ್ಲಿದ್ದೇವೆ. ಥೈರಾಯ್ಡ್ ಕ್ಯಾನ್ಸರ್ ಎಂದು ತಿಳಿದ ದಿನದಿಂದ ಆ ಹಾಳೆ ಕೈಗೆ ಬರುವವರೆಗಿನ ಮೂರು ತಿಂಗಳಲ್ಲಿ, ನಿಮ್ಮ ಮನೆಯಲ್ಲಿ ಎಷ್ಟು ಕೋಣೆಗಳಿವೆ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಬೆಂಗಳೂರಿನ ಆ ಆಸ್ಪತ್ರೆಯಲ್ಲಿ ನನಗೆ ಸಿಕ್ಕ ಚಿಕಿತ್ಸೆಯ ಬಗ್ಗೆ ಬೇರೆ ಯಾವ ದೂರೂ ಇಲ್ಲ. ಈ ಒಂದು ಪ್ರಶ್ನೆ ಮಾತ್ರ ಉಳಿದುಕೊಂಡಿದೆ.

ಥೈರಾಯ್ಡ್ ಗ್ರಂಥಿಯನ್ನು ತೆಗೆದ ಮೇಲೆ ಅಳಿದುಳಿದ ಜೀವಕೋಶಗಳನ್ನು ಸುಡುವುದಕ್ಕಾಗಿ ಅಯೋಡಿನ್-131 ಎಂಬ, ವಿಕಿರಣ ಸೂಸುವ ಅಯೋಡಿನ್ ಕೊಡುತ್ತಾರೆ. ಥೈರಾಯ್ಡ್ ಜೀವಕೋಶ ಅಯೋಡಿನ್ನನ್ನು ಎಲ್ಲಿದ್ದರೂ ಹೀರಿಕೊಳ್ಳುತ್ತದೆ ಎಂಬ ಸ್ವಭಾವವನ್ನೇ ಈ ಚಿಕಿತ್ಸೆ ನೆಚ್ಚಿಕೊಂಡಿದೆ. ಹೀರಿಕೊಂಡ ಅಯೋಡಿನ್ ಹೊರಸೂಸುವ ಬೀಟಾ ಕಣಗಳು ಒಂದೆರಡು ಮಿಲಿಮೀಟರ್ ಮಾತ್ರ ಸಾಗಿ ಆ ಜೀವಕೋಶಗಳನ್ನು ಕೊಲ್ಲುತ್ತವೆ; ಜೊತೆಗೆ ಹೊರಡುವ ಗಾಮಾ ಕಿರಣಗಳಾದರೋ ದೇಹವನ್ನು ದಾಟಿ ಹೊರಗೆ ಬರುತ್ತವೆ. ರೋಗಿಯನ್ನು ಪ್ರತ್ಯೇಕವಾಗಿ ಇಡುವುದಕ್ಕೆ ಒಂದು ಕಾರಣ ಈ ಗಾಮಾ. ಇನ್ನೊಂದು ಕಾರಣವೆಂದರೆ, ಹೀರಿಕೆಯಾಗದೆ ಉಳಿದ ಅಯೋಡಿನ್ ಮೂತ್ರ, ಎಂಜಲು ಮತ್ತು ಬೆವರಿನ ಮೂಲಕ ಹೊರಬೀಳುತ್ತದೆ.

ನನಗೆ ಕೊಟ್ಟದ್ದು 100 ಮಿಲಿಕ್ಯೂರಿ, ಅಂದರೆ 3.7 ಗಿಗಾಬೆಕ್ಯುರೆಲ್; ವಿಕಿರಣ ಸೂಸುವ ವಸ್ತು ಎಷ್ಟಿದೆ ಎಂಬುದನ್ನು ಹೇಳುವ ಅಳತೆಗಳಿವು. ಭಾರತದಲ್ಲಿ ಈ ಚಿಕಿತ್ಸೆಯ ನಿಯಮಗಳನ್ನು ನಿಗದಿ ಮಾಡುವುದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿ. ಡೋಸ್ 30 ಮಿಲಿಕ್ಯೂರಿಯನ್ನು ದಾಟಿದರೆ ರೋಗಿಯನ್ನು ಅದಕ್ಕೆಂದೇ ಕಟ್ಟಿದ ವಾರ್ಡಿನಲ್ಲಿ ಇರಿಸಿಕೊಳ್ಳಬೇಕು. 1 ಮೀಟರ್ ದೂರದಲ್ಲಿ ವಿಕಿರಣದ ಮಟ್ಟ ಗಂಟೆಗೆ 50 ಮೈಕ್ರೋಸೀವರ್ಟ್‌ಗಿಂತ ಕೆಳಗಿಳಿದ ಮೇಲೆ ಮನೆಗೆ ಕಳುಹಿಸಬಹುದು. ಸೀವರ್ಟ್ ಎಂದರೆ ದೇಹಕ್ಕೆ ತಗಲುವ ವಿಕಿರಣದ ಅಳತೆ; ಸಾವಿರ ಮೈಕ್ರೋಸೀವರ್ಟ್ ಸೇರಿದರೆ ಒಂದು ಮಿಲಿಸೀವರ್ಟ್. ಸೀಸದ ಡಬ್ಬಿಯಿಂದ ಕ್ಯಾಪ್ಸೂಲ್ ಕೊಟ್ಟು ಬಾಗಿಲು ಮುಚ್ಚಿದ ಸಂಜೆ ವಿಕಿರಣ ಸುರಕ್ಷಾ ಅಧಿಕಾರಿಯವರು ನೆಲದ ಮೇಲಿನ ಗೆರೆಯ ಹಿಂದೆ ನಿಂತು ವಿಕಿರಣ ಅಳೆಯುವ ಮೀಟರ್ ಹಿಡಿದಾಗ ಅದು 170 ತೋರಿಸಿತು. ಮರುದಿನ ಸಂಜೆ 58 ಇತ್ತು. ಆದ್ದರಿಂದ ಇನ್ನೂ ಒಂದು ರಾತ್ರಿ ಇರಬೇಕಾಯಿತು. ಅದರ ಮರುದಿನ ಸಂಜೆ 17ಕ್ಕೆ ಇಳಿದಿತ್ತು, ಹೊರಡಬಹುದು ಎಂದರು.

ಅಯೋಡಿನ್-131ರ ಅರ್ಧಾಯುಷ್ಯ, ಅಂದರೆ ಅದರ ವಿಕಿರಣ ತಾನಾಗಿಯೇ ಅರ್ಧಕ್ಕೆ ಇಳಿಯಲು ಬೇಕಾದ ಸಮಯ, 8 ದಿನ. ಹಾಗಿದ್ದರೂ ಎರಡೇ ದಿನದಲ್ಲಿ ಹತ್ತನೆಯ ಒಂದು ಭಾಗಕ್ಕೆ ಇಳಿದದ್ದು ಏಕೆಂದರೆ, ಗ್ರಂಥಿಯೇ ಇಲ್ಲದ ದೇಹ ಅದನ್ನು ಹಿಡಿದಿಟ್ಟುಕೊಳ್ಳಲಾರದು. ಬಹುಪಾಲು ಮೂತ್ರದಲ್ಲಿ ಹೊರಟುಹೋಗುತ್ತದೆ. ಮೇಲಿಂದ ಮೇಲೆ ನೀರು ಕುಡಿಯಿರಿ, ಶೌಚಾಲಯಕ್ಕೆ ಹೋದಾಗಲೆಲ್ಲ ಎರಡು ಬಾರಿ ಫ್ಲಶ್ ಮಾಡಿ ಎಂದು ವಾರ್ಡಿನವರು ಹೇಳುತ್ತಲೇ ಇದ್ದುದು ಇದಕ್ಕಾಗಿ. ಆ ವಾರ್ಡಿನ ಕೊಳವೆಗಳು ನೇರವಾಗಿ ಊರಿನ ಚರಂಡಿಗೆ ಸೇರುವುದಿಲ್ಲ. ಕೆಳಗೆ ಕಟ್ಟಿದ ತೊಟ್ಟಿಗಳಲ್ಲಿ ಆ ನೀರನ್ನು ವಾರಗಟ್ಟಲೆ ನಿಲ್ಲಿಸಿ, ವಿಕಿರಣ ಸಾಕಷ್ಟು ಕುಂದಿದ ಮೇಲೆ ಬಿಡುತ್ತಾರೆ. ಆಸ್ಪತ್ರೆಯ ಗೋಡೆಗಿಂತ ಹೆಚ್ಚಾಗಿ ಈ ತೊಟ್ಟಿಯೇ ಆ ಎರಡು ದಿನಗಳ ನಿಜವಾದ ಪ್ರಯೋಜನ ಎಂದು ನನಗೆ ಆಮೇಲೆ ಅನ್ನಿಸಿತು. ಕೋಣೆಯೊಳಗಿನ ಬದುಕಿನ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಊಟವನ್ನು ಬಾಗಿಲ ಬಳಿ ಇಟ್ಟು ಹೋಗುತ್ತಿದ್ದರು, ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೊಟ್ಟಿದ್ದರು, ಬೋಳು ಗೋಡೆಯನ್ನು ನೋಡುತ್ತಾ ನಿಂಬೆಹುಳಿ ಪೆಪ್ಪರ್‌ಮಿಂಟ್ ಚೀಪುತ್ತಿದ್ದೆ.

ಇದೇ 17ರ ಅಂಕೆಯೊಡನೆ ನಾನು ಬೇರೆ ದೇಶದಲ್ಲಿ ಇದ್ದಿದ್ದರೆ ಏನಾಗುತ್ತಿತ್ತು ಎಂದು ಹುಡುಕಿದಾಗ ಆಶ್ಚರ್ಯವಾಯಿತು. ಜರ್ಮನಿಯಲ್ಲಿ ಕನಿಷ್ಠ 48 ಗಂಟೆ ಆಸ್ಪತ್ರೆಯಲ್ಲಿ ಇರಲೇಬೇಕು. ಬಿಡುವಾಗ 2 ಮೀಟರ್ ದೂರದಲ್ಲಿ ಗಂಟೆಗೆ 3.5 ಮೈಕ್ರೋಸೀವರ್ಟ್ ಮೀರಿರಬಾರದು. ದೂರ ಎರಡು ಪಟ್ಟಾದರೆ ಮಟ್ಟ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ, ಆದ್ದರಿಂದ ನನ್ನ 17 ಅಲ್ಲಿ ಸುಮಾರು 4 ಆಗುತ್ತಿತ್ತು; ಅಂದು ನನ್ನನ್ನು ಬಿಡುತ್ತಿರಲಿಲ್ಲ. ಅಮೆರಿಕದಲ್ಲಿ ನಮ್ಮಂತೆಯೇ ಇದ್ದ 30 ಮಿಲಿಕ್ಯೂರಿಯ ಮಿತಿಯನ್ನು 1997ರಲ್ಲಿ ಕೈಬಿಟ್ಟು, ರೋಗಿಯಿಂದ ಬೇರೊಬ್ಬರಿಗೆ ತಗಲುವ ವಿಕಿರಣ 5 ಮಿಲಿಸೀವರ್ಟ್ ದಾಟುವ ಸಂಭವವಿಲ್ಲದಿದ್ದರೆ ಸಾಕು ಎಂದು ಬದಲಾಯಿಸಿದರು. ಆ ಲೆಕ್ಕದಲ್ಲಿ 100 ಮಿಲಿಕ್ಯೂರಿ ನುಂಗಿದ ಎಷ್ಟೋ ಜನ ಅದೇ ದಿನ ಮನೆಗೆ ಹೋಗುತ್ತಾರೆ. ಕೆಲವರು ಮನೆಯವರನ್ನು ಉಳಿಸಲೆಂದು ಹೋಟೆಲುಗಳಲ್ಲಿ ತಂಗತೊಡಗಿದಾಗ, ಅಲ್ಲಿ ಹಾಸಿಗೆ ಬದಲಿಸುವವರ ಗತಿಯೇನು ಎಂಬ ಪ್ರಶ್ನೆ ಎದ್ದು, 2011ರಲ್ಲಿ ಅಲ್ಲಿಯ ನಿಯಂತ್ರಣ ಆಯೋಗ ರೋಗಿಗಳನ್ನು ಹೋಟೆಲಿಗೆ ಕಳುಹಿಸುವುದಕ್ಕೆ ಉತ್ತೇಜನ ಕೊಡಬಾರದೆಂದು ತಿಳಿಸಿತು. ನಮ್ಮ ಬಂಧುಗಳೂ ಆಸ್ಪತ್ರೆಯ ಎದುರಿನ ಲಾಡ್ಜಿನಲ್ಲಿ ಒಂದು ವಾರ ಇದ್ದುಬಿಡು ಎಂದು ಸಲಹೆ ಕೊಟ್ಟಿದ್ದರು. ಆ ಲಾಡ್ಜಿನ ಬಚ್ಚಲು ತೊಳೆಯುವ ಹೆಂಗಸಿಗೆ ಯಾವ ಹಾಳೆಯೂ ಸಿಗುವುದಿಲ್ಲವೆಂದು ನಾನು ಒಪ್ಪಲಿಲ್ಲ.

ಕೊನೆಗೆ ದಾವಣಗೆರೆಯಲ್ಲೇ ಇರುವ ಚಿಕ್ಕಮ್ಮ ತಮ್ಮ ಮನೆಯ ಮಹಡಿಯ ಮೇಲಿನ ಕೋಣೆಯನ್ನು ಬಿಟ್ಟುಕೊಟ್ಟರು. ಬಸ್ಸು ಬೇಡವೆಂದು ಹಾಳೆಯಲ್ಲಿದ್ದುದರಿಂದ ಕಾರಿನಲ್ಲಿ ಹೋದೆವು. ನಾನು ಹಿಂದಿನ ಸೀಟಿನ ಎಡತುದಿಯಲ್ಲಿ ಕೂತೆ, ಯಜಮಾನರು ಮುಂದೆ ಬಲಗಡೆ ಕೂತು ಐದು ಗಂಟೆ ಕಾರು ಓಡಿಸಿದರು. 1 ಮೀಟರಿನಲ್ಲಿ 17ರಂತೆ ಐದು ಗಂಟೆಗೆ 85 ಮೈಕ್ರೋಸೀವರ್ಟ್, ಅಂದರೆ 0.085 ಮಿಲಿಸೀವರ್ಟ್. ಭೂಮಿಯ ಮೇಲೆ ಸುಮ್ಮನೆ ಬದುಕಿರುವುದಕ್ಕೇ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಗಲುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಗಾಬರಿಪಡುವಂಥದ್ದು ಏನೂ ಇರಲಿಲ್ಲ. ಈ ಲೆಕ್ಕವನ್ನು ಯಾರಾದರೂ ಮೊದಲೇ ಮಾಡಿ ತೋರಿಸಿದ್ದರೆ ಯಜಮಾನರು ಆ ದಾರಿಯುದ್ದಕ್ಕೂ ಕಿಟಕಿ ತೆರೆದುಕೊಂಡು ಓಡಿಸುತ್ತಿರಲಿಲ್ಲ. ಗಾಮಾ ಕಿರಣಕ್ಕೂ ಗಾಳಿಗೂ ಸಂಬಂಧವಿಲ್ಲ.

ಎಂಟನೆಯ ದಿನ ಮನೆಗೆ ಬಂದಾಗ, ಮಗನಿಂದ ಇನ್ನೂ ಕೆಲವು ದಿನ ದೂರ ಮಲಗಬೇಕಿತ್ತು. ಅತ್ತೆಯವರು ಎಲ್ಲವನ್ನೂ ಆಗಲೇ ಅಣಿ ಮಾಡಿದ್ದರು: ನನಗೊಂದು ತಟ್ಟೆ, ಒಂದು ಲೋಟ, ಒಂದು ಚಾಪೆ, ಬಟ್ಟೆ ನೆನೆಸಲು ಬೇರೆ ಬಕೆಟ್. ಮಡಿ-ಮೈಲಿಗೆಯಲ್ಲಿ ಬೆಳೆದವರಿಗೆ ಬೇರೆ ಇಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ತೊಡಕು ಇದ್ದುದು ಬೇರೆ ಕಡೆ. ನನ್ನ ಲೋಟವನ್ನು ಯಾರೂ ಮುಟ್ಟದಂತೆ ಕಾದ ಅವರೇ ರಾತ್ರಿ ಮಗನ ಹಾಸಿಗೆಯನ್ನು ನನ್ನ ಚಾಪೆಯ ಪಕ್ಕಕ್ಕೇ ಹಾಸಿದರು. ತಟ್ಟೆ ಬೇರೆ ಮಾಡಿದೆಯಲ್ಲ, ಇನ್ನೇನು ಎಂಬುದು ಅವರ ಮಾತು. ಮೈಲಿಗೆ ಮುಟ್ಟಿದರೆ ತಗಲುತ್ತದೆ, ಮುಟ್ಟದಿದ್ದರೆ ಇಲ್ಲ. ಇದು ಹಾಗಲ್ಲ, ಉರಿಯುವ ಒಲೆಯ ಹಾಗೆ, ಮುಟ್ಟದೆ ಕೂತರೂ ಕಾವು ತಾಗುತ್ತದೆ, ಹತ್ತಿರ ಕೂತಷ್ಟೂ, ಹೆಚ್ಚು ಹೊತ್ತು ಕೂತಷ್ಟೂ ಹೆಚ್ಚು, ಎಂದು ಹೇಳಿದ ಮೇಲೆ ಅವರು ಮರುಮಾತಿಲ್ಲದೆ ಮಗನ ಹಾಸಿಗೆಯನ್ನು ಹಜಾರದ ಆ ತುದಿಗೆ ಎಳೆದುಕೊಂಡು ಹೋದರು. ತಟ್ಟೆಯನ್ನು ಬೇರೆ ಇಡುವುದೂ ತಪ್ಪಲ್ಲ, ಎಂಜಲಿನಲ್ಲಿ ಅಯೋಡಿನ್ ಇರುತ್ತದೆ. ಆದರೆ ಎಂಟನೆಯ ದಿನಕ್ಕೆ ಅದನ್ನು ಸೋಪು ಹಾಕಿ ತೊಳೆದರೆ ಮುಗಿಯಿತು. ಹಾಳೆಯಲ್ಲಿ ತಟ್ಟೆಯ ಸಾಲೂ ಮಗುವಿನ ಸಾಲೂ ಒಂದೇ ಗಾತ್ರದ ಅಕ್ಷರಗಳಲ್ಲಿದ್ದುದರಿಂದ, ಯಾವುದು ಮುಖ್ಯ ಎಂಬುದನ್ನು ಓದಿದವರು ತಮಗೆ ಪರಿಚಿತವಾದ ರೀತಿಯಲ್ಲಿ ತೀರ್ಮಾನಿಸುವುದು ಸಹಜವೇ.

ನನ್ನ ಕಥೆಗಿಂತಲೂ ರಾಣೆಬೆನ್ನೂರಿನಲ್ಲಿರುವ ನನ್ನ ನಾದಿನಿಯ ಕಥೆ ನನ್ನನ್ನು ಹೆಚ್ಚು ಕಾಡಿದೆ. ಅವಳಿಗೆ ಕ್ಯಾನ್ಸರ್ ಅಲ್ಲ, ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ತೊಂದರೆ. ಬೇರೊಂದು ಆಸ್ಪತ್ರೆಯಲ್ಲಿ 12 ಮಿಲಿಕ್ಯೂರಿ ಕೊಟ್ಟರು. ಮಿತಿ 30 ಆದ್ದರಿಂದ ವಾರ್ಡು ಬೇಕಿಲ್ಲ, ಹೊರರೋಗಿ ವಿಭಾಗದಲ್ಲೇ ನುಂಗಿಸಿ, ಎರಡು ಮಾತು ಹೇಳಿ ಕಳುಹಿಸಿದರು. ಅವಳು ಬಸ್ಸಿನಲ್ಲಿ ಊರಿಗೆ ಬಂದು ಅಂದು ರಾತ್ರಿಯೇ ಎರಡು ವರ್ಷದ ಮಗಳನ್ನು ಮಗ್ಗುಲಲ್ಲಿ ಮಲಗಿಸಿಕೊಂಡಳು. ನಿಯಮದ ಪ್ರಕಾರ ಯಾವ ತಪ್ಪೂ ನಡೆದಿಲ್ಲ. ಆದರೆ ಅವಳ ಗ್ರಂಥಿ ಇನ್ನೂ ಕತ್ತಿನಲ್ಲಿದೆ, ಅದೂ ಹಸಿದ ಗ್ರಂಥಿ. ಬಂದ ಅಯೋಡಿನ್ನಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದು ಅರ್ಧವಾಗುವುದಕ್ಕೆ ಐದಾರು ದಿನ ಬೇಕು. ನನ್ನ 100ರಲ್ಲಿ ಎರಡು ದಿನಕ್ಕೆ ಉಳಿದದ್ದು ಸುಮಾರು 10, ಆಮೇಲೂ ಅದು ಬೇಗ ಬೇಗ ಇಳಿಯುತ್ತಾ ಹೋಯಿತು. ಒಂದು ವಾರದ ನಂತರ ನಮ್ಮಿಬ್ಬರನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಿ ಮೀಟರ್ ಹಿಡಿದಿದ್ದರೆ ಅವಳದೇ ಹೆಚ್ಚಿರುತ್ತಿತ್ತು ಎಂಬುದು ನನ್ನ ಅಂದಾಜು. ಚಿಕ್ಕ ಮಕ್ಕಳಿಂದ ದೂರ ಮಲಗುವ ಅವಧಿ ಅವಳಂಥವರಿಗೆ ಎರಡು ವಾರಕ್ಕೂ ಮೇಲೆ ಎಂದು ಆಮೇಲೆ ತಿಳಿಯಿತು. ಮಗುವಿಗೆ ಏನೋ ಆಗಿಬಿಟ್ಟಿದೆ ಎಂದು ನಾನು ಹೇಳುತ್ತಿಲ್ಲ, ವೈದ್ಯರೂ ಹೆದರಬೇಡಿ ಎಂದರು. ತಪ್ಪಿಸಬಹುದಾಗಿದ್ದನ್ನು ತಪ್ಪಿಸಲಿಲ್ಲ ಎಂಬುದಷ್ಟೇ ನನ್ನ ತಕರಾರು.

ಇದು ಒಬ್ಬರಿಬ್ಬರ ಮಾತಾಗಿಯೂ ಉಳಿಯಲಾರದು. ಅಪಾಯ ಕಡಿಮೆಯಿರುವ ಥೈರಾಯ್ಡ್ ಕ್ಯಾನ್ಸರಿನಲ್ಲಿ ಉಳಿದ ಗ್ರಂಥಿಯನ್ನು ಸುಡಲು 30 ಮಿಲಿಕ್ಯೂರಿಯೂ 100ರಷ್ಟೇ ಫಲ ಕೊಡುತ್ತದೆ ಎಂದು ಫ್ರಾನ್ಸ್ ಮತ್ತು ಬ್ರಿಟನ್ನಿನ ಎರಡು ದೊಡ್ಡ ಅಧ್ಯಯನಗಳು 2012ರಲ್ಲಿ ತೋರಿಸಿದವು. ಔಷಧ ಕಡಿಮೆಯಾಗುವುದು ಒಳ್ಳೆಯದೇ. ಆದರೆ ಡೋಸ್ ಇಳಿದಂತೆಲ್ಲ ವಾರ್ಡಿನ ಬಾಗಿಲು, ತೊಟ್ಟಿ, ನೆಲದ ಮೇಲಿನ ಗೆರೆ ಇವೆಲ್ಲ ದಾರಿಯಿಂದ ಸರಿದು, ಮೊದಲ ರಾತ್ರಿಯ ಜವಾಬ್ದಾರಿಯೂ ಮನೆಯ ಮೇಲೆ ಬೀಳುತ್ತದೆ. ಆಗ ಡೋಸ್ ಬರೆಯುವ ಚೀಟಿಯಲ್ಲೇ ಮನೆಯ ಬಗ್ಗೆಯೂ ಮೂರು ಪ್ರಶ್ನೆಗಳಿರಬೇಕು: ಎಷ್ಟು ಕೋಣೆ, ಎಷ್ಟು ಶೌಚಾಲಯ, ಗರ್ಭಿಣಿಯರು ಅಥವಾ ಚಿಕ್ಕ ಮಕ್ಕಳು ಯಾರಿದ್ದಾರೆ. ಉತ್ತರ ಸರಿಯಿಲ್ಲದವರನ್ನು, ಅಂಕೆ ಎಷ್ಟೇ ಕೆಳಗಿಳಿದಿದ್ದರೂ, ಇನ್ನೆರಡು ರಾತ್ರಿ ಇಟ್ಟುಕೊಳ್ಳುವ ಅವಕಾಶ ಇರಬೇಕು. ವಾರ್ಡಿನ ಹಾಸಿಗೆಗಳು ಕಡಿಮೆ, ಸರದಿ ಉದ್ದ ಎಂಬುದನ್ನು ಬಲ್ಲೆ; ನಾನೇ ಆರು ವಾರ ಕಾದಿದ್ದೆ.

ನಾದಿನಿಗೆ ಮೊದಲ ಡೋಸ್ ಸಾಲಲಿಲ್ಲ. ಆರು ತಿಂಗಳ ಪರೀಕ್ಷೆಯಲ್ಲಿ ಹಾರ್ಮೋನ್ ಇನ್ನೂ ಏರಿಯೇ ಇದ್ದುದರಿಂದ ಮತ್ತೊಮ್ಮೆ ಕೊಡಬೇಕೆಂದಿದ್ದಾರೆ. ಈ ಸಲ ಆಸ್ಪತ್ರೆಗೆ ಫೋನ್ ಮಾಡುವ ಮೊದಲು ನಾವು ಅತ್ತೆಯವರೊಡನೆ ಕೂತು ಮಾತಾಡಿಕೊಂಡೆವು. ಮೂರು ವಾರ ಮಗು ದಾವಣಗೆರೆಯಲ್ಲಿ ನಮ್ಮ ಜೊತೆ ಇರುತ್ತದೆ. ನಾದಿನಿಯನ್ನು ಕರೆತರಲು ಮೈದುನ ಕಾರು ತೆಗೆದುಕೊಂಡು ಹೋಗುತ್ತಾನೆ. ತಾರೀಕನ್ನು ಅದಾದ ಮೇಲೆ ಕೇಳಿದೆವು.