ಸಿಂಹಗಡದ ದಾರಿಯಲ್ಲಿ ಅಂಗೈಯಗಲ ಹಾವಸೆ

ಭಾವ ಧಾರವಾಡದಿಂದ ಬಂದು ಪುಣೆಯಲ್ಲಿ ಮೂರು ದಿನ ಇದ್ದರು. ಎರಡು ದಿನ ಮಳೆಗೆ ಹೆದರಿ ಮನೆಯಲ್ಲೇ ಕಳೆದೆವು. ಮೂರನೆಯ ದಿನ ಪುಣೆಯ ಹತ್ತಿರದ ಗುಡ್ಡದ ಕೋಟೆ ಸಿಂಹಗಡ.

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವರ ಜೊತೆ ಗುಡ್ಡ ಹತ್ತುವುದೆಂದರೆ ಹತ್ತು ಹೆಜ್ಜೆಗೊಮ್ಮೆ ನಿಲ್ಲುವುದು. ಗುಡ್ಡದ ಬುಡದ ಆತಕರವಾಡಿಯಿಂದ ಹೊರಟು ಅರ್ಧ ತಾಸಾಗಿತ್ತು. ಅಟ್ಟೆ ಸವೆದ ನನ್ನ ಬೂಟು ಕೆಸರಿನಲ್ಲಿ ಜಾರಿತು. (ಜುಲೈನಲ್ಲಿ ಹೋಗುವವರು ದಯವಿಟ್ಟು ಹೊಸ ಬೂಟು ಹಾಕಿಕೊಳ್ಳಿ. ನನ್ನ ಮೊಣಕಾಲು ಇನ್ನೂ ನೋಯುತ್ತಿದೆ.) ಆಸರೆಗೆಂದು ಪಕ್ಕದ ಬಂಡೆಗೆ ಕೈ ಹಾಕಿದರೆ ಅಂಗೈಯಗಲದ ಹಸಿರು ಸಿಪ್ಪೆ ಕೈಗೇ ಬಂತು.

"ಅಯ್ಯೋ, ಕಿತ್ತೆಯಲ್ಲ!" ಎಂದರು ಭಾವ. ಮೊಣಕಾಲಿನ ಸುದ್ದಿಯೇ ಇಲ್ಲ.

"ಪಾಚಿ ತಾನೇ, ಭಾವ?"

"ಪಾಚಿಯಲ್ಲ, ಹಾವಸೆಯ ಬಳಗ. ಲಿವರ್‌ವರ್ಟ್. ಇದರ ಹೆಸರು ಪ್ಲೇಜಿಯೋಕಾಸ್ಮ."

ಸುರಿಯುವ ಮಳೆಯಲ್ಲೇ ಪಾಠ ಶುರುವಾಯಿತು. ಇದಕ್ಕೆ ಬೇರಿಲ್ಲ, ಒಂದೊಂದೇ ಜೀವಕೋಶದ ಎಳೆಗಳಿಂದ ಕಲ್ಲನ್ನು ಹಿಡಿದಿರುತ್ತದೆ. ಗಂಡು ಕೋಶ ನೀರಿನಲ್ಲಿ ಈಜಿಯೇ ಹೆಣ್ಣನ್ನು ಸೇರಬೇಕು. ಬೇಸಿಗೆಯಲ್ಲಿ ಅಂಚು ಮಡಚಿ, ತಳದ ನೇರಳೆ ಹುರುಪೆ ತೋರಿಸಿಕೊಂಡು ಸತ್ತಂತೆ ಬಿದ್ದಿದ್ದು, ಮಳೆ ಬಿದ್ದೊಡನೆ ಬಿಚ್ಚಿಕೊಳ್ಳುತ್ತದೆ.

"ಅಪರೂಪದ್ದೇ?" ಕೊಂಚ ಗಾಬರಿಯಿಂದಲೇ ಕೇಳಿದೆ.

"ಇದಲ್ಲ. ಐಚಿಸೋನಿಯೆಲ್ಲ ಅಂತ ಹಿಮಾಲಯದಲ್ಲಿ ಒಂದಿದೆ. ಲಾಹೋರಿನಲ್ಲಿ ಕಲಿಸುತ್ತಿದ್ದ ಶಿವರಾಮ ಕಶ್ಯಪರು 1914ರಲ್ಲಿ ಹೆಸರಿಟ್ಟದ್ದು. ಇಡೀ ಕುಲಕ್ಕೆ ಅದೊಂದೇ ಪ್ರಭೇದ. ಕಲ್ಲುನೆಲದ ಗಿಡ, ಆ ನೆಲೆಯೇ ಹಾಳಾಗುತ್ತಿದೆ ಎಂದು ಜೀವಸಂಕುಲಗಳ ಅಳಿವು-ಉಳಿವಿನ ಲೆಕ್ಕ ಇಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಅದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದೆ. ಹುಲಿ ಸತ್ತರೆ ಪತ್ರಿಕೆಯಲ್ಲಿ ಬರುತ್ತದೆ. ಇದು ಹೋದರೆ ಬಂಡೆ ಸ್ವಚ್ಛವಾಯಿತು ಎನ್ನುತ್ತಾರೆ."

ಕಿತ್ತ ಸಿಪ್ಪೆಯನ್ನು ನನ್ನ ಕೈಯಿಂದಲೇ ಬಂಡೆಗೆ ಮತ್ತೆ ಒತ್ತಿಸಿದರು. ಚೂರಿನಿಂದಲೂ ಚಿಗುರುತ್ತದಂತೆ.

ಮೇಲೆ ಶಿವಾಜಿಯ ಸರದಾರ ತಾನಾಜಿಯ ಸ್ಮಾರಕ, ದೇವಟಾಕೆ ಎಂಬ ನೀರಿನ ತೊಟ್ಟಿ, ಮತ್ತು ಬರೀ ಮಂಜು. ಊರೆಲ್ಲ ಹೊಗಳುವ, ಕಡಲೆಹಿಟ್ಟಿನ ಪಿಠಲೆ ನಮ್ಮ ಕಡೆಯ ಝುಣಕದ ಮುಂದೆ ಸಪ್ಪೆ. ಮಣ್ಣಿನ ಕುಡಿಕೆಯ ಮೊಸರಿಗಾಗಿ ಮಾತ್ರ ಇನ್ನೊಮ್ಮೆ ಹತ್ತಬಹುದು.

ಇಳಿಯುವಾಗ ನಾಲ್ಕು ಹುಡುಗರು ಅದೇ ಬಂಡೆಗೆ ಒರಗಿ ಫೋಟೊ ತೆಗೆದುಕೊಳ್ಳಲು ಹೊರಟಿದ್ದರು. "ತಿಥೆ ಹಾತ್ ಲಾವೂ ನಕಾ!" (ಅಲ್ಲಿ ಕೈ ಹಚ್ಚಬೇಡಿ) ಎಂದು ಭಾವ ತಮ್ಮ ಧಾರವಾಡದ ಮರಾಠಿಯಲ್ಲಿ ಕೂಗಿದರು. ಹುಡುಗರು ಛಂಗನೆ ಹಿಂದೆ ನೆಗೆದು, ಹಾವಿದೆಯೇ ಎಂದು ಕೇಳಿದರು.

ಭಾವ ಒಂದು ಕ್ಷಣ ನನ್ನ ಮುಖ ನೋಡಿ, "ಹೋ, ಆಹೆ" (ಹೌದು, ಇದೆ) ಎಂದರು.