ಹುರುಳಿ ಬಣ್ಣ ಬದಲಿಸಿಕೊಳ್ಳಲಿಲ್ಲ

ಮಲ್ಪೆಯಲ್ಲಿ ದೋಣಿ ಹತ್ತುವ ಮುಂಚೆ ಮಕ್ಕಳಿಗೆ ಹೇಳಿದ ನಿಯಮ ಒಂದೇ. ಸಂಜೆಯವರೆಗೆ ಯಾವ ಪ್ರಾಣಿ, ಗಿಡದ ಬಗ್ಗೆ ಮಾತಾಡಿದರೂ ‘ಕೊಂಡಿತು’, ‘ಕೊಂಡವು’ ಬಾಯಿಗೆ ಬರಬಾರದು. ‘ಜಿರಾಫೆ ಕತ್ತು ಉದ್ದ ಮಾಡಿಕೊಂಡಿತು’, ‘ಮಿಡತೆ ಹುಲ್ಲಿನ ಬಣ್ಣ ಪಡೆದುಕೊಂಡಿತು’ ಎಂದವರು ಅದೇ ಸಂಗತಿಯನ್ನು ಆ ‘ಕೊಳ್ಳು’ ಇಲ್ಲದೆ ಮತ್ತೊಮ್ಮೆ ಹೇಳಬೇಕು. ಕೇಳಲು ವ್ಯಾಕರಣದ ಪಾಠದ ಹಾಗಿದೆ. ಆದರೆ ಜೀವವಿಕಾಸ ಕಲಿಸುವಾಗ ಕಾಲು ಮೊದಲು ಜಾರುವುದು ಇಲ್ಲೇ. ಈ ಪುಟ್ಟ ಕ್ರಿಯಾಪದ, ಬೇಕೆಂದೇ ಮಾಡಿದ ಯಾರೋ ಒಬ್ಬರನ್ನು ಸದ್ದಿಲ್ಲದೆ ವಾಕ್ಯದೊಳಗೆ ತಂದು ಕೂರಿಸಿಬಿಡುತ್ತದೆ. ಜೀವಿಗಳನ್ನೆಲ್ಲ ಯಾರೋ ಬೇಕೆಂದೇ ಮಾಡಿದರು ಎನ್ನುವ ಸೃಷ್ಟಿವಾದದ ಜೊತೆ ಜಗಳ ಆಮೇಲಿನ ಮಾತು. ಅರ್ಧ ಸೃಷ್ಟಿವಾದ ನಮ್ಮ ವಿಜ್ಞಾನದ ನೋಟ್ಸಿನಲ್ಲೇ ಇರುತ್ತದೆ.

ಮಕ್ಕಳು ಹದಿನೆಂಟು, ಎಲ್ಲ ಎಂಟು-ಒಂಬತ್ತನೇ ತರಗತಿಯವರು. ಡಿಸೆಂಬರಿನ ಭಾನುವಾರ. ಬೆಳಿಗ್ಗೆ ಸೇಂಟ್ ಮೇರೀಸ್ ದ್ವೀಪ, ಮಧ್ಯಾಹ್ನ ಶಾಲೆಯ ಜಗಲಿಯಲ್ಲಿ ಕಾಳಿನ ಆಟ. 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗ ಹೊರಹೋಯಿತು. ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ಉಳಿದಿದೆ, ನಿಜ. ಆದರೆ ಕಾಮರ್ಸ್, ಆರ್ಟ್ಸ್ ತೆಗೆದುಕೊಳ್ಳುವ ಮಗು ಆ ಪುಸ್ತಕ ಮುಟ್ಟುವುದೇ ಇಲ್ಲ. ಹಾಗಾಗಿ ಇಂಥ ಒಂದು ದಿನ ಬೇಕಾಗುತ್ತದೆ.

ದ್ವೀಪಕ್ಕೆ ಕಾಲಿಟ್ಟ ಕೂಡಲೇ ಪ್ರಶ್ನೆ ಬಂತು. “ಇದನ್ನು ಯಾರಾದರೂ ಕೆತ್ತಿ ನಿಲ್ಲಿಸಿದ್ದಾ ಸರ್?” ಬರಲೇಬೇಕು. ಕಲ್ಲಿನ ಕಂಬಗಳು ಸಾಲಾಗಿ, ಒತ್ತೊತ್ತಾಗಿ, ಬಹುಪಾಲು ಆರು ಮೂಲೆಯವು. ನೋಡಿದರೆ ಶಿಲ್ಪಿಯ ಕೆಲಸವೇ. ಉತ್ತರ ಕೊಡುವ ಮೊದಲು ಎಣಿಸಲು ಹೇಳಿದೆವು: ಒಬ್ಬೊಬ್ಬರು ಇಪ್ಪತ್ತು ಕಂಬ ಆರಿಸಿ, ಮೇಲ್ತುದಿಯ ಬದಿಗಳನ್ನು ಬೆರಳಿಟ್ಟು ಎಣಿಸಿ ಬರೆಯುವುದು. ಹತ್ತು ನಿಮಿಷದಲ್ಲಿ “ಇದಕ್ಕೆ ಐದೇ”, “ಇದು ಏಳು” ಎಂಬ ಕೂಗು ಶುರು. ಶಿಲ್ಪಿ ಇಷ್ಟು ಅಸಡ್ಡೆಯವನಾ ಎಂದು ಒಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ಆ ಅಸಡ್ಡೆಯೇ ಇಲ್ಲಿ ಸಾಕ್ಷಿ. ಲಾವಾ ತಣಿಯುವಾಗ ಕುಗ್ಗುತ್ತದೆ, ಕುಗ್ಗಿದಾಗ ಎಳೆತ ಹುಟ್ಟುತ್ತದೆ, ಎಳೆತ ಬಿರುಕಾಗುತ್ತದೆ. ಮೂರು ಬಿರುಕು 120 ಡಿಗ್ರಿಯಲ್ಲಿ ಕೂಡಿದಾಗ ಎಳೆತ ಚೆನ್ನಾಗಿ ಸಡಿಲವಾಗುವುದರಿಂದ ಆರು ಮೂಲೆ ಹೆಚ್ಚು. ತಣಿಯುವುದು ಎಲ್ಲ ಕಡೆ ಒಂದೇ ಸಮ ಇಲ್ಲದ್ದರಿಂದ ಐದೂ ಏಳೂ ನಡುವೆ ಸೇರುತ್ತವೆ. ನೀರಾರಿದ ಗದ್ದೆ ಬಿರಿಯುವುದನ್ನು ಕಂಡ ಮಕ್ಕಳಿಗೆ ಇದು ಹೊಸತಲ್ಲ.

ಮನೆಯಲ್ಲಿ ಮಾಡಿ ನೋಡಬೇಕೆಂದರೆ: ಕಾರ್ನ್‌ಫ್ಲೋರ್ ಮತ್ತು ನೀರು ಸಮ ತೂಕ, ಅಗಲವಾದ ಗಾಜಿನ ಬಟ್ಟಲಿನಲ್ಲಿ ಎರಡು ಬೆರಳು ದಪ್ಪ, ಮೇಲಿನಿಂದ ಒಂದು ಹಳೇ ಕಾಲದ ಬಿಸಿ ಬಲ್ಬು. ಎಲ್‌ಇಡಿ ಆಗದು, ಶಾಖ ಸಾಲದು. ಕೆಲವು ದಿನ ಬಿಡಿ. ಮೇಲ್ಮೈಯಲ್ಲಿ ಕಾಣುವ ದೊಡ್ಡ ಬಿರುಕು ನೋಡಿ “ಕಂಬ ಬರಲಿಲ್ಲ” ಎಂದು ಬಿಸಾಡುವವರೇ ಹೆಚ್ಚು. ಗಡ್ಡೆಯನ್ನು ಎತ್ತಿ ಮಗುಚಿ ನೋಡಬೇಕು, ಕಡ್ಡಿಗಾತ್ರದ ಕಂಬಗಳು ಅಡಿಯಲ್ಲಿರುತ್ತವೆ. ನಮ್ಮ ಕರಾವಳಿಯ ತೇವಕ್ಕೆ ಬೂಸು ಬೇಗ ಹಿಡಿಯುತ್ತದೆ, ಕಲಸುವಾಗಲೇ ಬ್ಲೀಚಿನ ನಾಲ್ಕು ಹನಿ ಹಾಕಿಡಿ.

ಈ ಕಲ್ಲಿನ ವಯಸ್ಸು ಸುಮಾರು 8.8 ಕೋಟಿ ವರ್ಷ. ಮಡಗಾಸ್ಕರ್ ಭಾರತದಿಂದ ಬೇರೆಯಾಗುತ್ತಿದ್ದ ಕಾಲದ ಲಾವಾ ಇದು. “ಯಾರು ಲೆಕ್ಕ ಇಟ್ಟದ್ದು?” ಎಂಬ ಪ್ರಶ್ನೆಗೆ ಉತ್ತರ ಪೊಟ್ಯಾಸಿಯಂ. ಕಲ್ಲಿನೊಳಗಿನ ಪೊಟ್ಯಾಸಿಯಂ-40 ಬಹಳ ನಿಧಾನವಾಗಿ ಕ್ಷಯಿಸುತ್ತದೆ, ಅದರ ಒಂದು ಪಾಲು ಆರ್ಗಾನ್ ಅನಿಲವಾಗುತ್ತದೆ. ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಬದಲಾಗಲು ಹಿಡಿಯುವ ಕಾಲ, 125 ಕೋಟಿ ವರ್ಷ. ಕರಗಿದ ಲಾವಾದಿಂದ ಆರ್ಗಾನ್ ಹಾರಿಹೋಗುವುದರಿಂದ ಕಲ್ಲು ಗಟ್ಟಿಯಾದ ದಿನ ಗಡಿಯಾರ ಸೊನ್ನೆಗೆ ಬರುತ್ತದೆ. ಆಮೇಲೆ ಕಲ್ಲು ಮತ್ತೆ ಕಾದರೆ ಅಥವಾ ಶಿಥಿಲವಾದರೆ ಅನಿಲ ಸೋರಿ, ವಯಸ್ಸು ನಿಜಕ್ಕಿಂತ ಕಮ್ಮಿ ಬರುತ್ತದೆ. ಅದಕ್ಕೇ ಒಂದು ವಿಧಾನವನ್ನು ನಂಬಿ ಕೂರುವುದಿಲ್ಲ, ಬೇರೆ ವಿಧಾನದಿಂದಲೂ ಅಳೆದು ತಾಳೆ ನೋಡುತ್ತಾರೆ. ಹದಿನೇಳನೇ ಶತಮಾನದಲ್ಲಿ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಬೈಬಲಿನ ವಂಶಾವಳಿಗಳನ್ನು ಕೂಡಿಸಿ ಲೋಕದ ಸೃಷ್ಟಿ ಕ್ರಿ.ಪೂ. 4004ರಲ್ಲಿ ಎಂದು ಬರೆದ. ನಮ್ಮ ಪುರಾಣಗಳ ಕಲ್ಪದ, ಅಂದರೆ ಬ್ರಹ್ಮನ ಒಂದು ಹಗಲಿನ, ಲೆಕ್ಕ 432 ಕೋಟಿ ವರ್ಷ. ಭೂಮಿಯ ವಯಸ್ಸು ಸುಮಾರು 454 ಕೋಟಿ ಎಂದು ಗೊತ್ತಾದ ಕೂಡಲೇ ಕೆಲವರು “ನೋಡಿ, ನಮ್ಮದು ಹತ್ತಿರ ಬಂತು” ಎನ್ನುತ್ತಾರೆ. ಹತ್ತಿರ ಬಂದದ್ದು ಹೌದು, ಅಳೆದು ಬಂದದ್ದಲ್ಲ. ಕಲ್ಲು ನಾಳೆ ಬೇರೆ ಸಂಖ್ಯೆ ಹೇಳಿದರೆ ಭೂವಿಜ್ಞಾನಿ ತನ್ನ ಲೆಕ್ಕ ತಿದ್ದಲೇಬೇಕು. ಕಲ್ಪಕ್ಕೂ ಅಷರ್‌ಗೂ ಆ ಹಂಗಿಲ್ಲ.

ದ್ವೀಪದಲ್ಲಿ ಚಿಪ್ಪಿನ ರಾಶಿ. ಸುಮಾರು ಚಿಪ್ಪುಗಳಲ್ಲಿ ಸೂಜಿಯಿಂದ ಚುಚ್ಚಿದಂಥ ಒಂದೇ ತೂತು ಇರುತ್ತದೆ. ಅದು ಸರ ಪೋಣಿಸಲು ದೇವರು ಮಾಡಿದ್ದಲ್ಲ, ಬೇಟೆಗಾರ ಬಸವನಹುಳು ಕೊರೆದದ್ದು. ಹೊರಗೆ ಅಗಲ, ಒಳಗೆ ಕಿರಿದಾಗಿ, ಬಟ್ಟಲಿನಂತೆ ಇಳಿಜಾರಿದ್ದರೆ ಚಂದ್ರಬಸವನ ಜಾತಿಯದು. ಚಿಪ್ಪಿನ ಉಬ್ಬಿದ ನೆತ್ತಿಯಲ್ಲಿ ಅಂಕುಡೊಂಕು ತೂತಿದ್ದರೆ ಅದು ಮರಳು ತಿಕ್ಕಿ ಆದ ಸವೆತ, ಲೆಕ್ಕಕ್ಕಿಲ್ಲ. ಮಕ್ಕಳು ಎರಡನ್ನೂ ಒಂದೇ ಪಟ್ಟಿಗೆ ಹಾಕಿದ್ದರು. ತೂತಿನ ಚಿಪ್ಪಿನ ಜೀವಿ ಅಲ್ಲಿಗೆ ಸತ್ತಿತು, ಮರಿ ಮಾಡುವ ಅವಕಾಶ ಮುಗಿಯಿತು. ಕೊರೆಯಲು ಹೆಚ್ಚು ಹೊತ್ತು ಹಿಡಿಯುವ ದಪ್ಪ ಚಿಪ್ಪಿಗೆ ಅವಕಾಶ ತುಸು ಜಾಸ್ತಿ. ಡಾರ್ವಿನ್ 1859ರಲ್ಲಿ ಹೇಳಿದ ಮಾತಿನ ತಿರುಳು ಇಷ್ಟೇ, ಆದರೆ ಹೇಳಿ ಅರ್ಥಮಾಡಿಸುವುದಕ್ಕಿಂತ ಕಾಳು ಹೆಕ್ಕಿಸುವುದು ವಾಸಿ.

ಮಧ್ಯಾಹ್ನದ ಆಟಕ್ಕೆ ಬೇಕಾದ್ದು ಒಂದು ಮೀಟರ್ ಚದರದ ಕಂದು ಹೂವಿನ ಚೀಟಿ ಬಟ್ಟೆ, ಹೆಸರುಕಾಳು, ಇಡೀ ಕಪ್ಪು ಉದ್ದು, ಹುರುಳಿ ತಲಾ ನೂರು, ನಾಲ್ಕು ಸ್ಟೀಲ್ ಲೋಟ. ಬಟ್ಟೆ ಹಾಸುವ ಚಾಪೆ ಮೆತ್ತಗಿರಲಿ, ಸಿಮೆಂಟು ನೆಲದ ಮೇಲೆ ಕಾಳು ಉರುಳಿ ಮೂಲೆ ಸೇರುತ್ತದೆ. ಪುಸ್ತಕಗಳಲ್ಲಿ ಹೇಳುವ ಬಣ್ಣದ ಕಾಗದದ ಚುಕ್ಕಿ ನಮ್ಮ ಊರಿಗೆ ಹೇಳಿ ಮಾಡಿಸಿದ್ದಲ್ಲ. ಕಡಲ ಗಾಳಿಗೆ ಮೊದಲ ಸುತ್ತಿನಲ್ಲೇ ಎಲ್ಲವೂ ಅಂಗಳ ಸೇರಿದವು. ಕಡಲೆ, ಅಲಸಂಡೆ ಬೆರೆಸಬಾರದು. ಗಾತ್ರ ದೊಡ್ಡದಾದರೆ ಮಕ್ಕಳು ಬಣ್ಣ ನೋಡಿ ಹೆಕ್ಕುವುದಿಲ್ಲ, ದೊಡ್ಡದನ್ನೇ ಹೆಕ್ಕುತ್ತಾರೆ. ಆಗ ಪರೀಕ್ಷೆ ಆಗುತ್ತಿರುವುದು ಬಣ್ಣ ಅಲ್ಲ, ಗಾತ್ರ.

ಮೂರೂ ಕಾಳು ತಲಾ 25 ಎಣಿಸಿ, ಒಟ್ಟು 75, ಬಟ್ಟೆಯ ಮೇಲೆ ಹರಡಿ. ಹರಡುವವರು ಹೆಕ್ಕಬಾರದು. ನಾಲ್ವರು ‘ಹಕ್ಕಿ’ಗಳು ಬಟ್ಟೆಗೆ ಬೆನ್ನು ಹಾಕಿ ನಿಂತು, ಚಪ್ಪಾಳೆಗೆ ತಿರುಗಿ, ಮೊದಲು ಕಣ್ಣಿಗೆ ಬಿದ್ದ ಒಂದೇ ಕಾಳನ್ನು ಎರಡು ಬೆರಳಲ್ಲಿ ಎತ್ತಿ, ಲೋಟಕ್ಕೆ ಹಾಕಿ, ಮತ್ತೆ ಬೆನ್ನು ತಿರುಗಿಸಬೇಕು. ಹೀಗೆ 50 ಕಾಳು ಹೋಗುವವರೆಗೆ. ಈ ಬೆನ್ನು ತಿರುಗಿಸುವುದನ್ನು ಬಿಟ್ಟರೆ ಆಟ ಕೆಟ್ಟಿತೆಂದೇ ಲೆಕ್ಕ. ಹಕ್ಕಿ ಒಂದೇ ಜಾಗದಲ್ಲಿ ಕೂತು ಸುತ್ತಲಿನದನ್ನು ಬಾಚಿಬಿಡುತ್ತದೆ, ಕಣ್ಣಿಗೆ ಕೆಲಸವೇ ಇರುವುದಿಲ್ಲ. ಉಳಿದ 25ನ್ನು ಬಟ್ಟೆ ಕೊಡವಿ ಎಣಿಸಿ. ಪ್ರತಿ ಕಾಳಿಗೆ ಅದೇ ಜಾತಿಯ ಎರಡು ಮರಿ ಸೇರಿಸಿ. ಮತ್ತೆ 75.

ಒಂದು ತಂಡದ ಕಾಗದ ಹೀಗಿತ್ತು. ಮೊದಲ ಸುತ್ತಿನ ನಂತರ ಉಳಿದದ್ದು ಹೆಸರು 4, ಉದ್ದು 7, ಹುರುಳಿ 14. ಮರಿಗಳ ಸಮೇತ 12, 21, 42. ಎರಡನೆಯದರಲ್ಲಿ ಉಳಿದದ್ದು 1, 5, 19; ಮರಿ ಸೇರಿ 3, 15, 57. ಮೂರನೆಯ ಸುತ್ತಿಗೆ ಹೆಸರು ಪೂರ್ತಿ ಹೋಯಿತು, ಉದ್ದು 3, ಹುರುಳಿ 22.

“ಹುರುಳಿ ಬಟ್ಟೆಗೆ ಹೊಂದಿಕೊಂಡಿತು,” ಎಂದ ಒಬ್ಬ. ಉಳಿದವರೆಲ್ಲ ಒಟ್ಟಿಗೆ “ಕೊಂಡಿತೂ!” ಎಂದು ಕಿರುಚಿದರು. ಯಾವ ಹುರುಳಿ ಬಣ್ಣ ಬದಲಿಸಿತು, ಕೈಯಲ್ಲಿ ಹಿಡಿದು ತೋರಿಸು ಎಂದಾಗ ಅವನು ಲೋಟದೊಳಗೆ ಇಣುಕಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಬದಲಾದದ್ದು ಯಾವ ಕಾಳೂ ಅಲ್ಲ, ಲೆಕ್ಕ. ಹುರುಳಿ ಇಡೀ ಆಟದಲ್ಲಿ ಏನೂ ಮಾಡಲಿಲ್ಲ, ಇದ್ದ ಹಾಗೆಯೇ ಇತ್ತು, ಕಾಣಿಸಲಿಲ್ಲ ಅಷ್ಟೆ. ‘ನಿಸರ್ಗದ ಆಯ್ಕೆ’ ಎಂಬ ಹೆಸರಿನಲ್ಲೂ ಇದೇ ತೊಡಕು. ಆಯ್ಕೆ ಎಂದ ಮೇಲೆ ಆರಿಸುವ ಒಬ್ಬರು ಬೇಕಲ್ಲ ಅನ್ನಿಸುತ್ತದೆ. ಹಕ್ಕಿ ಆರಿಸಿದ್ದು ತಿನ್ನುವುದನ್ನು, ಉಳಿಸುವುದನ್ನಲ್ಲ.

ಆಮೇಲೆ ಬಟ್ಟೆ ಬದಲಿಸಿ ಹಸಿರು ಹಾಸಿದೆವು. ಹೆಸರಿಗೆ ಈಗ ಹಬ್ಬ ಆಗಬೇಕಿತ್ತು, ಆದರೆ ಹೆಸರೇ ಇಲ್ಲ. ಬೇಕು ಎಂದ ಮಾತ್ರಕ್ಕೆ ಬರುವುದಿಲ್ಲ. ಇಲ್ಲಿ ರೂಪಾಂತರದ (ಮ್ಯುಟೇಶನ್) ನಿಯಮ ಸೇರಿಸಬೇಕು: ಪ್ರತಿ ತಲೆಮಾರಿಗೆ ಒಂದು ಮರಿಯನ್ನು ಮೂರೂ ಕಾಳು ಬೆರೆಸಿದ ಡಬ್ಬಿಯಿಂದ ಕಣ್ಣುಮುಚ್ಚಿ ತೆಗೆಯುವುದು. ಯಾವುದು ಬರುತ್ತದೋ ಬರಲಿ. ಹಸಿರೇ ಬರಬೇಕೆಂದಿಲ್ಲ, ಬಂದರೆ ಉಳಿಯುತ್ತದೆ. “ಎಲ್ಲ ಆಕಸ್ಮಿಕವೇ ಆದರೆ ಇಷ್ಟು ಚೆಂದದ ಲೋಕ ಹೇಗೆ?” ಎಂಬ ಹಳೆಯ ಆಕ್ಷೇಪ ಎಡವುವುದು ಇಲ್ಲೇ. ಡಬ್ಬಿಯಿಂದ ಬರುವುದು ಆಕಸ್ಮಿಕ, ಬಟ್ಟೆಯ ಮೇಲೆ ಉಳಿಯುವುದು ಅಲ್ಲ.

ಹೋಲಿಕೆಗೆಂದು ಒಂದು ಸುತ್ತು ಕಣ್ಣು ಕಟ್ಟಿ ಆಡಿಸಬೇಕು. ನಮ್ಮದು ಕೆಟ್ಟಿತು. ಹುರುಳಿ ಚಪ್ಪಟೆ, ಬಟ್ಟೆಗೆ ಅಂಟಿದ ಹಾಗೆ ಮಲಗುತ್ತದೆ. ಬೆರಳಿಗೆ ದುಂಡಗಿನ ಹೆಸರು, ಉದ್ದೇ ಮೊದಲು ಸಿಕ್ಕವು. ಕಣ್ಣು ಕಟ್ಟಿದರೂ ಹುರುಳಿಯೇ ಗೆದ್ದಿತು! ಹಾಗಾದರೆ ಮೊದಲ ಆಟದಲ್ಲಿ ಉಳಿಸಿದ್ದು ಬಣ್ಣವೋ ಆಕಾರವೋ? ಪ್ರಾಮಾಣಿಕ ಉತ್ತರ: ಎರಡೂ ಇರಬಹುದು. ಮುಂದಿನ ಸಲ ಹುರುಳಿ ಬಿಟ್ಟು, ಹೆಸರುಕಾಳಿಗೇ ಮೂರು ಬಣ್ಣ ಹಾಕಿ ಒಣಗಿಸಿ ಆಡಿಸುವುದು ಸರಿ. ಆಕಾರ ಒಂದೇ ಆದ ಮೇಲೂ ಕಣ್ಣು ಕಟ್ಟಿದ ಸುತ್ತಿನಲ್ಲಿ ಮೂರೂ ಬಣ್ಣ ಸಮಸಮ ಉಳಿಯವು. ಎಣಿಕೆ ಚಿಕ್ಕದಾದಾಗ ಬರೀ ಅದೃಷ್ಟದಿಂದಲೂ ಲೆಕ್ಕ ತೂಗಾಡುತ್ತದೆ, ಅದೂ ವಿಕಾಸದ ಒಂದು ದಾರಿ.

ನಡುವೆ ಕಣ್ಣಿನ ಪ್ರಶ್ನೆ ಬಂತು. 1802ರಲ್ಲಿ ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ, ಬಯಲಿನಲ್ಲಿ ಬಿದ್ದ ಗಡಿಯಾರಕ್ಕೆ ಮಾಡಿದವನೊಬ್ಬ ಇರುವ ಹಾಗೆ ಕಣ್ಣಿಗೂ ಇರಬೇಕು ಎಂದ. ಉತ್ತರಕ್ಕೆ ಮಲ್ಪೆಯಿಂದ ಬರುವಾಗ ತಂದ ಬೊಂಡಾಸ್ (ಸ್ಕ್ವಿಡ್) ಇತ್ತು. ಕಣ್ಣನ್ನು ಚೂಪು ಕತ್ತರಿಯಿಂದ ಸೀಳಿ ಒತ್ತಿದರೆ ಗಾಜಿನ ಮಣಿಯಂಥ ಮಸೂರ ಹೊರಗೆ ಬರುತ್ತದೆ. ನೀರಲ್ಲಿ ತೊಳೆದು ಪೇಪರಿನ ಅಕ್ಷರದ ಮೇಲಿಟ್ಟರೆ ಅಕ್ಷರ ದೊಡ್ಡದು. ಬಿಸಿನೀರು ತಾಗಿಸಬೇಡಿ, ಬೆಳ್ಳಗಾಗಿ ಕೆಡುತ್ತದೆ. ಬೊಂಡಾಸಿನ ಕಣ್ಣಲ್ಲಿ ನರಗಳು ಅಕ್ಷಿಪಟದ ಹಿಂದೆ ಹೋಗುತ್ತವೆ. ನಮ್ಮಲ್ಲಿ ಮುಂದೆ ಹಾದು, ಒಂದು ಕಡೆ ತೂತು ಕೊರೆದು ಹೊರಗೆ ಹೋಗುತ್ತವೆ, ಅಲ್ಲಿ ಕುರುಡು. ಕಾಗದದಲ್ಲಿ ಎಡಕ್ಕೆ ಕೂಡಿಸುವ ಗುರುತು, 8 ಸೆಂ.ಮೀ. ಬಲಕ್ಕೆ ಕಪ್ಪು ಚುಕ್ಕಿ ಬರೆದು, ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ಎಡದ ಗುರುತನ್ನೇ ನೋಡುತ್ತ ಹತ್ತಿರ ತನ್ನಿ. ಸುಮಾರು 30 ಸೆಂ.ಮೀ.ನಲ್ಲಿ ಚುಕ್ಕಿ ಮಾಯ. ಮಾಯವಾಗದಿದ್ದರೆ ನೀವು ಚುಕ್ಕಿಯನ್ನು ಕದ್ದು ನೋಡುತ್ತಿದ್ದೀರಿ. ಬೆಳಿಗ್ಗೆ ಬಂಡೆಗೆ ಟೋಪಿಯಂತೆ ಕಚ್ಚಿದ್ದ ಲಿಂಪೆಟ್‌ಗೆ ಮಸೂರವೇ ಇಲ್ಲ, ಬೆಳಕು ತಿಳಿಯುವ ಗುಳಿ ಮಾತ್ರ. ಅರ್ಧ ಕಣ್ಣಿನಿಂದ ಏನು ಪ್ರಯೋಜನ ಎಂಬುದಕ್ಕೆ ಲಿಂಪೆಟ್ ಈಗಲೂ ಬದುಕಿ ಉತ್ತರ ಹೇಳುತ್ತಿದೆ. ಚಪ್ಪಟೆ ಪದರದಿಂದ ಮೀನಿನ ಕಣ್ಣಿಗೆ ಶೇಕಡಾ ಒಂದೊಂದೇ ಬದಲಾವಣೆಯಲ್ಲಿ ಹೋದರೂ 4 ಲಕ್ಷ ತಲೆಮಾರು ಬೇಡ ಎಂದು ವಿಜ್ಞಾನಿಗಳಾದ ನಿಲ್ಸನ್ ಮತ್ತು ಪೆಲ್ಗರ್ 1994ರಲ್ಲಿ ಲೆಕ್ಕ ಹಾಕಿದ್ದಾರೆ. ಆ ಕಂಬಗಳ ವಯಸ್ಸಿನ ಮುಂದೆ ಅದು ಏನೂ ಅಲ್ಲ.

ಮಕ್ಕಳನ್ನು ಕರೆದೊಯ್ಯಲು ಬಂದ ಪೋಷಕರೊಬ್ಬರು ದಶಾವತಾರದ ಮಾತೆತ್ತಿದರು. ಮತ್ಸ್ಯ, ಕೂರ್ಮ, ವರಾಹ, ನರಸಿಂಹ, ಇದನ್ನೇ ಅಲ್ಲವೇ ಡಾರ್ವಿನ್ ಹೇಳಿದ್ದು ಎಂದು. ಯಕ್ಷಗಾನದ ಊರಿನಲ್ಲಿ ಈ ಪ್ರಶ್ನೆ ಬಾರದ ದಿನವಿಲ್ಲ. ಅವತಾರದ ಕಥೆಯಲ್ಲಿ ಆಮೆಯ ಹೊಟ್ಟೆಯಲ್ಲಿ ಹಂದಿ ಹುಟ್ಟುವುದಿಲ್ಲ, ಒಬ್ಬನೇ ಹರಿ ಬೇರೆ ಬೇರೆ ರೂಪದಲ್ಲಿ ಇಳಿದು ಬರುತ್ತಾನೆ. ವಿಕಾಸದಲ್ಲಿ ಮೇಲಿಂದ ಇಳಿಯುವವರಿಲ್ಲ. ಅದು ಏಣಿಯೂ ಅಲ್ಲ, ಕವಲೊಡೆದ ಮರ. ಇಂದಿನ ಆಮೆ ನಮ್ಮ ಅಜ್ಜನಲ್ಲ, ಬಹುದೂರದ ದಾಯಾದಿ. ಎರಡನ್ನೂ ಕಲಸಿದರೆ ಪುರಾಣವೂ ಕೆಡುತ್ತದೆ, ಜೀವಶಾಸ್ತ್ರವೂ ಕೆಡುತ್ತದೆ. ಅವರು ಒಪ್ಪಲಿಲ್ಲ, ನಕ್ಕರು. ನಂಬಿಕೆ ಬಿಡಬೇಕಾದ ಪ್ರಶ್ನೆ ಇದಲ್ಲ ಎಂದೂ ಹೇಳಿದೆವು. 1996ರಲ್ಲಿ ಎರಡನೇ ಜಾನ್ ಪಾಲ್ ಪೋಪರೇ ವಿಕಾಸವಾದ ಬರೀ ಊಹೆಗಿಂತ ಹೆಚ್ಚಿನದು ಎಂದಿದ್ದರು.

ಕಾಳು ಬೇರ್ಪಡಿಸುತ್ತ ಕೂತಿದ್ದ ಎಂಟನೇ ತರಗತಿಯ ಹುಡುಗಿ ಕೊನೆಗೆ ಕೇಳಿದಳು. “ಆದ್ರೆ ಟೀಚರ್, ಬಟ್ಟೆ ಹಾಸಿದ್ದು ನೀವಲ್ವಾ?”

ಇಡೀ ದಿನದ ಗಟ್ಟಿ ಆಕ್ಷೇಪ ಇದೇ. ಆಟಕ್ಕೆ ಬಟ್ಟೆ ಹಾಸಿದ್ದು ನಾವೇ. ಕಾಡಿನಲ್ಲಿ ಬಟ್ಟೆ ಎಂದರೆ ಮಣ್ಣು, ಮಳೆ, ಬಂಡೆ, ಕೊರೆಯುವ ಬಸವನಹುಳು. ಅಂಥ ಒಂದು ಬಟ್ಟೆ ತಣಿದು ಬಿರಿದದ್ದನ್ನು ನೀನೇ ಬೆಳಿಗ್ಗೆ ಬೆರಳಿಟ್ಟು ಎಣಿಸಿದ್ದೀಯಲ್ಲ ಎಂದೆವು. “ಲಾವಾದ ಹಿಂದೆ?” ಎಂದಳು. ಅದಕ್ಕೆ ಈ ಕಾಳುಗಳಲ್ಲಿ ಉತ್ತರವಿಲ್ಲ, ಇವು ಕೇಳುವುದು ಉಳಿದದ್ದು ಹೇಗೆ ಎಂದು ಮಾತ್ರ. ಅವಳು ತಲೆಯಾಡಿಸಿ, ಉದ್ದಿನ ನಡುವೆ ಸಿಕ್ಕಿಬಿದ್ದಿದ್ದ ಒಂದು ಹೆಸರುಕಾಳನ್ನು ಎತ್ತಿ ಡಬ್ಬಿಗೆ ಹಾಕಿದಳು.